ಹೈಪೋಥಲಮಸ್ ಹಾರ್ಮೋನುಗಳು: ಕ್ಯಾನ್ಸರ್‌ಗೂ ಉರಿಯೂತಕ್ಕೂ ಇರುವ ನಂಟು

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಟೆಸ್ಟೋಸ್ಟಿರೋನೇ ಮೇವು. ಹೀಗಿರುವಾಗ, ಆ ಕ್ಯಾನ್ಸರ್‌ಗೆ ನಾಲ್ಕು ದಶಕಗಳಿಂದ ಜಗತ್ತಿನೆಲ್ಲೆಡೆ ಕೊಡುತ್ತಿರುವ ಚುಚ್ಚುಮದ್ದೊಂದು ಮೊದಲ ಕೆಲವು ದಿನ ಟೆಸ್ಟೋಸ್ಟಿರೋನನ್ನು ಏರಿಸುತ್ತದೆ ಎಂದರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಅದೇ ಮದ್ದು ಟೆಸ್ಟೋಸ್ಟಿರೋನನ್ನು, ವೃಷಣಗಳನ್ನೇ ತೆಗೆದುಹಾಕಿದರೆ ಎಷ್ಟಿರುತ್ತದೋ ಅಷ್ಟಕ್ಕೆ ಇಳಿಸಿರುತ್ತದೆ. ಏರಿಸುವುದೂ ಅದೇ, ಇಳಿಸುವುದೂ ಅದೇ. ಇದು ಹೇಗೆಂದು ತಿಳಿದರೆ ಹೈಪೋಥಲಮಸ್ ಹಾರ್ಮೋನುಗಳ ಸಂಶೋಧನೆಯ ಅರ್ಧದಷ್ಟು ತಿಳಿದಂತೆ. ಹಾರ್ಮೋನು ಯಾವ ಲಯದಲ್ಲಿ ಬಂತು ಎಂಬುದು ಆ ಅರ್ಧ. ದೇಹದ ಯಾವ ಜಾಗದಲ್ಲಿ ಕೆಲಸ ಮಾಡಿತು ಎಂಬುದು ಉಳಿದರ್ಧ.

ಹೈಪೋಥಲಮಸ್ ಇರುವುದು ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ನೆತ್ತಿಯ ಮೇಲೆ. ತೂಕ ಸುಮಾರು 4 ಗ್ರಾಂ. ಹಸಿವು, ಬಾಯಾರಿಕೆ, ಮೈಯ ಬಿಸಿ, ನಿದ್ದೆ, ಸಂತಾನಶಕ್ತಿ, ಒತ್ತಡ ಎಲ್ಲದರ ಲೆಕ್ಕವೂ ಇಲ್ಲಿಗೆ ಬರುತ್ತದೆ. ಇದು ಪಿಟ್ಯುಟರಿಯನ್ನು ಹೇಗೆ ಆಳುತ್ತದೆ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. ಎರಡರ ನಡುವೆ ಸಣ್ಣ ರಕ್ತನಾಳಗಳ ಜಾಲವೊಂದಿದೆ. ಹೈಪೋಥಲಮಸ್ ತನ್ನ ಆಜ್ಞೆಗಳನ್ನು ರಾಸಾಯನಿಕಗಳ ರೂಪದಲ್ಲಿ ಆ ರಕ್ತಕ್ಕೆ ಬಿಡುತ್ತದೆ ಎಂದು ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ ಕಳೆದ ಶತಮಾನದ ಮಧ್ಯಭಾಗದಲ್ಲಿ ವಾದಿಸಿದರು. ವಾದವೇನೋ ಗಟ್ಟಿಯಾಗಿತ್ತು. ಆದರೆ ಆ ರಾಸಾಯನಿಕಗಳನ್ನು ಯಾರೂ ಕೈಗೆ ಹಿಡಿದಿರಲಿಲ್ಲ.

ಹಿಡಿಯಲು ಹೊರಟವರು ರೋಜರ್ ಗಿಲ್ಮನ್ ಮತ್ತು ಆಂಡ್ರ್ಯೂ ಶಾಲಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಟ್ಟಿಗೆ ಕೆಲಸ ಮಾಡಿದ ಇಬ್ಬರೂ 1962ರಲ್ಲಿ ಬೇರೆಯಾಗಿ, ಮುಂದಿನ ಹದಿನೈದು ವರ್ಷ ಹಟತೊಟ್ಟು ಪೈಪೋಟಿ ನಡೆಸಿದರು. ಗಿಲ್ಮನ್ ಕುರಿಗಳ ಮೆದುಳನ್ನು ಆರಿಸಿಕೊಂಡರೆ ಶಾಲಿ ಹಂದಿಗಳದ್ದನ್ನು ಆರಿಸಿಕೊಂಡರು. ಈ ಹಾರ್ಮೋನುಗಳು ಎಷ್ಟು ಅಲ್ಪ ಪ್ರಮಾಣದಲ್ಲಿರುತ್ತವೆ ಎಂದರೆ, ಥೈರಾಯ್ಡನ್ನು ಪ್ರಚೋದಿಸುವ ಸರಪಳಿಯ ಮೊದಲ ಕೊಂಡಿಯಾದ ಟಿಆರ್‌ಎಚ್ ಒಂದು ಮಿಲಿಗ್ರಾಂ ಸಿಗಬೇಕಾದರೆ ಗಿಲ್ಮನ್ ತಂಡ ಸುಮಾರು 3 ಲಕ್ಷ ಕುರಿಗಳ ಹೈಪೋಥಲಮಸ್ ಅರೆಯಬೇಕಾಯಿತು. 1969ರಲ್ಲಿ ಅದರ ರಚನೆ ಬಯಲಾದಾಗ ಕಂಡದ್ದು ಬರೀ ಮೂರು ಅಮೈನೋ ಆಮ್ಲಗಳ ಪುಟ್ಟ ಅಣು. 1971ರಲ್ಲಿ ಶಾಲಿ ತಂಡ ಹತ್ತು ಅಮೈನೋ ಆಮ್ಲಗಳ ಇನ್ನೊಂದರ ರಚನೆಯನ್ನು ಬಿಡಿಸಿತು. ವೃಷಣ ಮತ್ತು ಅಂಡಾಶಯಗಳನ್ನು ಪಿಟ್ಯುಟರಿಯ ಮೂಲಕ ನಡೆಸುವ ಅದನ್ನು ಇಂದು ಜಿಎನ್‌ಆರ್‌ಎಚ್ ಎನ್ನುತ್ತಾರೆ. 1977ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು. ರಕ್ತದಲ್ಲಿರುವ ಹಾರ್ಮೋನಿನ ಕಣಮಾತ್ರವನ್ನೂ ಅಳೆಯುವ ವಿಧಾನವನ್ನು ಕೊಟ್ಟ ರೊಸಾಲಿನ್ ಯಾಲೋ ಅದೇ ಪ್ರಶಸ್ತಿಯ ಇನ್ನರ್ಧಕ್ಕೆ ಪಾತ್ರರಾದರು. ನನ್ನ ಮಟ್ಟಿಗೆ ಆಕೆಯದು ಈ ಕಥೆಯಲ್ಲಿ ಎಲ್ಲರಿಗಿಂತ ಕಡಿಮೆ ನೆನಪಾಗುವ, ಎಲ್ಲರಷ್ಟೇ ಮುಖ್ಯವಾದ ಕೆಲಸ. ಅಳೆಯಲಾಗದ ಹಾರ್ಮೋನನ್ನು ಔಷಧ ಮಾಡುವುದಕ್ಕೆ ಸಾಧ್ಯವೇ ಇರಲಿಲ್ಲ.

ಜಿಎನ್‌ಆರ್‌ಎಚ್ ಸಿಕ್ಕಾಗ ಎಲ್ಲರ ಕಣ್ಣಿದ್ದದ್ದು ಬಂಜೆತನದ ಚಿಕಿತ್ಸೆಯ ಮೇಲೆ. ಹಾರ್ಮೋನು ಕಡಿಮೆಯಿದ್ದವರಿಗೆ ಹಾರ್ಮೋನು ಕೊಟ್ಟರಾಯಿತು ಎಂಬ ಸರಳ ಲೆಕ್ಕ. ಆದರೆ ನೈಜ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಕಿಣ್ವಗಳು ಅದನ್ನು ಕತ್ತರಿಸಿ ಹಾಕುತ್ತವೆ. ಹೆಚ್ಚು ಹೊತ್ತು ಉಳಿಯುವ, ಗ್ರಾಹಕಕ್ಕೆ (ಹಾರ್ಮೋನು ಬಂದು ಕೂರುವ ಕೋಶದ ಮೇಲಿನ ಅಣುವಿಗೆ) ಹೆಚ್ಚು ಬಿಗಿಯಾಗಿ ಅಂಟುವ ಪ್ರತಿರೂಪಗಳನ್ನು ರಸಾಯನಶಾಸ್ತ್ರಜ್ಞರು ತಯಾರಿಸಿದರು. ಸರಪಳಿಯ ಆರನೆಯ ಅಮೈನೋ ಆಮ್ಲವನ್ನು ಬದಲಿಸುವುದೇ ಅದರ ಮುಖ್ಯ ಉಪಾಯ. ಇವು ವೃಷಣ, ಅಂಡಾಶಯಗಳನ್ನು ಇನ್ನಷ್ಟು ಚುರುಕುಗೊಳಿಸಬೇಕಿತ್ತು. ಪ್ರಯೋಗದಲ್ಲಿ ಕಂಡದ್ದು ತದ್ವಿರುದ್ಧ: ದಿನ ಕಳೆದಂತೆ ಅವು ಮಂಕಾದವು.

ಇದರ ಗುಟ್ಟು ಬಿಚ್ಚಿಟ್ಟದ್ದು ಅರ್ನ್ಸ್ಟ್ ನೋಬಿಲ್ ಅವರ ತಂಡ 1978ರಲ್ಲಿ ಪ್ರಕಟಿಸಿದ ಪ್ರಯೋಗ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೀಸಸ್ ಕೋತಿಗಳ ಹೈಪೋಥಲಮಸ್‌ನಲ್ಲಿ ಜಿಎನ್‌ಆರ್‌ಎಚ್ ಹೊರಡುವ ಭಾಗವನ್ನು ನಿಷ್ಕ್ರಿಯಗೊಳಿಸಿದ್ದರು. ಪಿಟ್ಯುಟರಿಗೆ ಒಳಗಿನಿಂದ ಆಜ್ಞೆ ಬರುವುದು ನಿಂತಿತ್ತು. ಹೊರಗಿನಿಂದ ಗಂಟೆಗೊಮ್ಮೆ ಆರು ನಿಮಿಷ ಹಾರ್ಮೋನು ಹರಿಸಿದಾಗ ಪಿಟ್ಯುಟರಿ ಎಂದಿನಂತೆ ತನ್ನ ಕೆಲಸಕ್ಕೆ ಮರಳಿತು. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದಾಗ ಪಿಟ್ಯುಟರಿಯ ಸ್ರಾವ ಕುಸಿಯಿತು. ಮತ್ತೆ ಗಂಟೆಗೊಮ್ಮೆಯ ಲಯಕ್ಕೆ ಬದಲಿಸಿದರೆ ಪುನಃ ಚೇತರಿಸಿಕೊಂಡಿತು. ಮದ್ದು ಅದೇ, ಪ್ರಾಣಿಯೂ ಅದೇ. ಬದಲಾದದ್ದು ಲಯ ಮಾತ್ರ. ಎಡೆಬಿಡದೆ ಬಾಗಿಲು ಬಡಿಯುತ್ತಲೇ ಇದ್ದರೆ ಮನೆಯವರು ಕಿವಿಗೊಡುವುದನ್ನೇ ಬಿಡುವಂತೆ, ಪಿಟ್ಯುಟರಿಯ ಕೋಶಗಳು ಜಿಎನ್‌ಆರ್‌ಎಚ್ ಗ್ರಾಹಕಗಳನ್ನು ಮೇಲ್ಮೈಯಿಂದ ಒಳಗೆಳೆದುಕೊಂಡು ಸಂಕೇತಕ್ಕೆ ಓಗೊಡುವುದನ್ನು ನಿಲ್ಲಿಸುತ್ತವೆ.

ಈಗ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮರಳೋಣ. ವೃಷಣಗಳನ್ನು ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಅದಕ್ಕಾಗಿ 1966ರಲ್ಲಿ ನೊಬೆಲ್ ಪಡೆದರು. ಆದರೆ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಅನೇಕರಿಗೆ ಮಾನಸಿಕವಾಗಿ ಅಸಾಧ್ಯವಾಗಿತ್ತು. ಹೆಚ್ಚು ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟಿಸುತ್ತಿತ್ತು, ಹೃದಯಕ್ಕೆ ಕುತ್ತು ತರುತ್ತಿತ್ತು. ಜಿಎನ್‌ಆರ್‌ಎಚ್ ಪ್ರತಿರೂಪಗಳು ಈ ಇಕ್ಕಟ್ಟಿನಿಂದ ಹೊರಬರುವ ದಾರಿಯಾದವು. ಶಾಲಿ ಮತ್ತು ಸಂಗಡಿಗರು 1982ರಲ್ಲಿ ರೋಗಿಗಳ ಮೇಲಿನ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. 1985ರಲ್ಲಿ ಲ್ಯೂಪ್ರೊಲೈಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗೋಸರೆಲಿನ್, ಟ್ರಿಪ್ಟೊರೆಲಿನ್ ಆಮೇಲೆ ಬಂದವು. ಚರ್ಮದ ಕೆಳಗೋ ಸ್ನಾಯುವಿಗೋ ಕೊಟ್ಟರೆ ತಿಂಗಳು, ಮೂರು ತಿಂಗಳು, ಆರು ತಿಂಗಳು ನಿಧಾನವಾಗಿ ಹೊರಬರುವ ರೂಪದಲ್ಲಿ ಇವು ಸಿಗುತ್ತವೆ. ನಿಧಾನವಾಗಿ, ಎಡೆಬಿಡದೆ ಬರುವುದೇ ಇಲ್ಲಿ ಚಿಕಿತ್ಸೆ.

ಪಿಟ್ಯುಟರಿ ಓಗೊಡುವುದನ್ನು ನಿಲ್ಲಿಸುವ ಮುನ್ನ ಒಮ್ಮೆ ಜೋರಾಗಿ ಓಗೊಡುತ್ತದೆ. ಮೊದಲ ದಿನಗಳ ಏರಿಕೆ ಎಂದರೆ ಇದೇ. ಬೆನ್ನುಹುರಿಯ ಪಕ್ಕದ ಮೂಳೆಗೆ ಕ್ಯಾನ್ಸರ್ ಹರಡಿದ್ದವರಲ್ಲಿ, ಮೂತ್ರದ ದಾರಿ ಕಟ್ಟುವ ಹಂತದಲ್ಲಿರುವವರಲ್ಲಿ ಈ ಏರಿಕೆ ಅಪಾಯಕಾರಿ. ಅದಕ್ಕಾಗಿಯೇ ಬೈಕಾಲುಟಮೈಡ್‌ನಂತಹ, ಟೆಸ್ಟೋಸ್ಟಿರೋನ್ ಕ್ಯಾನ್ಸರ್ ಕೋಶಕ್ಕೆ ನಾಟದಂತೆ ತಡೆಯುವ ಮಾತ್ರೆಯನ್ನು ಆರಂಭದ ಕೆಲವು ವಾರ ಜೊತೆಗೆ ಕೊಡುತ್ತಾರೆ. ಇನ್ನೊಂದು ದಾರಿಯೆಂದರೆ ಗ್ರಾಹಕವನ್ನು ಚುರುಕುಗೊಳಿಸದೆ ನೇರವಾಗಿ ಮುಚ್ಚುವ ಮದ್ದುಗಳು. ಇವುಗಳಲ್ಲಿ ಏರಿಕೆಯ ಮಾತೇ ಇಲ್ಲ. ಹಳೆಯ ಪ್ರತಿರೋಧಕಗಳು ಹಿಸ್ಟಮಿನ್ ಹೊರಹಾಕಿ ಅಲರ್ಜಿಯಂತಹ ತೊಂದರೆ ತರುತ್ತಿದ್ದುದರಿಂದ ಇದು ತಡವಾಯಿತು. 2008ರಲ್ಲಿ ಡೆಗರೆಲಿಕ್ಸ್ ಚುಚ್ಚುಮದ್ದು, 2020ರಲ್ಲಿ ಬಾಯಿಯ ಮೂಲಕ ತೆಗೆದುಕೊಳ್ಳುವ ರೆಲುಗೊಲಿಕ್ಸ್ ಬಂದವು. ರೆಲುಗೊಲಿಕ್ಸ್ ಅನ್ನು ಲ್ಯೂಪ್ರೊಲೈಡ್ ಜೊತೆ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ 48 ವಾರಗಳವರೆಗೂ ಟೆಸ್ಟೋಸ್ಟಿರೋನನ್ನು ಕೆಳಮಟ್ಟದಲ್ಲೇ ಹಿಡಿದಿಡಲು ಸಾಧ್ಯವಾದದ್ದು ಶೇ. 96.7 ರೋಗಿಗಳಲ್ಲಿ, ಲ್ಯೂಪ್ರೊಲೈಡ್ ಗುಂಪಿನಲ್ಲಿ ಶೇ. 88.8. ಹೃದಯಾಘಾತ, ಪಾರ್ಶ್ವವಾಯುವಿನಂತಹ ಗಂಭೀರ ಘಟನೆಗಳು ಕ್ರಮವಾಗಿ ಶೇ. 2.9 ಮತ್ತು ಶೇ. 6.2 ರೋಗಿಗಳಲ್ಲಿ ಕಂಡವು. ಹೃದ್ರೋಗವಿರುವ ರೋಗಿ ಈ ಅಂಕಿಗಳನ್ನು ವೈದ್ಯರ ಮುಂದಿಟ್ಟು ಕೇಳುವುದರಲ್ಲಿ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮಾತ್ರೆಯನ್ನು ಮರೆತರೆ ಪರಿಣಾಮ ಬೇಗ ಇಳಿಯುತ್ತದೆ. ತಿಂಗಳುಗಟ್ಟಲೆ ಉಳಿಯುವ ಚುಚ್ಚುಮದ್ದಿನಲ್ಲಿ ಆ ಭಯವಿಲ್ಲ.

ಇದೇ ತತ್ವ ಸ್ತನ ಕ್ಯಾನ್ಸರ್‌ನಲ್ಲೂ ನಡೆಯುತ್ತದೆ. ಅಂಡಾಶಯ ತೆಗೆದರೆ ಕೆಲವು ಸ್ತನ ಕ್ಯಾನ್ಸರ್‌ಗಳು ಕುಗ್ಗುತ್ತವೆಂದು ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ 1896ರಲ್ಲಿ ವರದಿ ಮಾಡಿದ್ದರು. ಈಗ ಮುಟ್ಟು ನಿಲ್ಲದ ವಯಸ್ಸಿನ ಮಹಿಳೆಯರಲ್ಲಿ, ಹಾರ್ಮೋನಿಗೆ ಸ್ಪಂದಿಸುವ ಹಾಗೂ ಮರುಕಳಿಸುವ ಅಪಾಯ ಹೆಚ್ಚಿರುವ ಕ್ಯಾನ್ಸರ್ ಇದ್ದರೆ, ಜಿಎನ್‌ಆರ್‌ಎಚ್ ಪ್ರತಿರೂಪ ಕೊಟ್ಟು ಅಂಡಾಶಯವನ್ನು ವಿಶ್ರಾಂತಿಗೆ ಕಳಿಸುತ್ತಾರೆ.

ಇದಕ್ಕೆಲ್ಲ ಬೆಲೆಯಿದೆ. ಮೈ ಬಿಸಿಯೇರುವುದು, ಲೈಂಗಿಕ ಆಸಕ್ತಿ ಕುಗ್ಗುವುದು, ಸ್ನಾಯು ಕರಗಿ ಕೊಬ್ಬು ಸೇರುವುದು, ಸಕ್ಕರೆ ಪ್ರಮಾಣ ಹದ ತಪ್ಪುವುದು, ಮೂಳೆ ಸವೆಯುವುದು. ಕ್ಯಾನ್ಸರ್ ಹತೋಟಿಯಲ್ಲಿದೆಯೆಂಬ ಸಮಾಧಾನದಲ್ಲಿ ಇವೆಲ್ಲ ಗೌಣವಾಗಿಬಿಡುತ್ತವೆ. ಮೂಳೆಯ ಸಾಂದ್ರತೆಯ ಪರೀಕ್ಷೆ ಆಗದೆಯೇ ವರ್ಷಗಳು ಉರುಳುತ್ತವೆ. ಸೊಂಟದ ಮೂಳೆ ಮುರಿದ ಮೇಲೆ ನೆನಪಾದರೆ ಬಹಳ ತಡ. ಜೊತೆಗೆ, ಪ್ರಾಸ್ಟೇಟ್ ಕ್ಯಾನ್ಸರ್ ಸುಮ್ಮನೆ ಕೂರುವುದೂ ಇಲ್ಲ. ವೃಷಣದ ಟೆಸ್ಟೋಸ್ಟಿರೋನ್ ನಿಂತರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಕಚ್ಚಾವಸ್ತುವಿನಿಂದ ತಾನೇ ತಯಾರಿಸಿಕೊಳ್ಳುತ್ತದೆ, ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅಬಿರಾಟೆರೋನ್, ಎಂಜಾಲುಟಮೈಡ್ ಮದ್ದುಗಳು ಹುಟ್ಟಿದ್ದು ಈ ಎರಡನೆಯ ಸುತ್ತಿನ ಹೋರಾಟಕ್ಕಾಗಿ.

ಗಿಲ್ಮನ್ ತಂಡದ ಇನ್ನೊಂದು ಶೋಧ ಬೇರೆಯೇ ಹಾದಿ ಹಿಡಿಯಿತು. ಬೆಳವಣಿಗೆ ಹಾರ್ಮೋನನ್ನು ಹೊರಡಿಸುವ ವಸ್ತುವನ್ನು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ಅದನ್ನು ತಡೆಯುವ ವಸ್ತು. 1973ರಲ್ಲಿ ಅದಕ್ಕೆ ಸೊಮಾಟೊಸ್ಟಾಟಿನ್ ಎಂದು ಹೆಸರಿಟ್ಟರು. ಹೈಪೋಥಲಮಸ್ ಮಾತ್ರವಲ್ಲದೆ ಮೇದೋಜೀರಕ ಗ್ರಂಥಿ, ಕರುಳು ಕೂಡ ಅದನ್ನು ತಯಾರಿಸುತ್ತವೆ. ಹೋದಲ್ಲೆಲ್ಲ ಅದರ ಕೆಲಸ ಸ್ರಾವಗಳಿಗೆ ಕಡಿವಾಣ ಹಾಕುವುದು. ಅದನ್ನು ಎಂಟು ಅಮೈನೋ ಆಮ್ಲಗಳಿಗೆ ಇಳಿಸಿ, ಬಾಳಿಕೆ ಹೆಚ್ಚಿಸಿ ಮಾಡಿದ್ದು ಆಕ್ಟ್ರಿಯೊಟೈಡ್. ಕರುಳು, ಮೇದೋಜೀರಕ ಗ್ರಂಥಿ, ಶ್ವಾಸಕೋಶಗಳಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಗಳೆಂಬ ಅಪರೂಪದ ಕ್ಯಾನ್ಸರ್‌ಗಳು ತಾವೇ ಹಾರ್ಮೋನು ಸುರಿಸುತ್ತವೆ. ಮುಖ ಕೆಂಪಾಗಿ ಬಿಸಿಯೇರುವುದು, ದಿನಕ್ಕೆ ಹತ್ತಾರು ಬಾರಿ ಭೇದಿಯಾಗುವುದು ಅದರ ಲಕ್ಷಣ. ಆಕ್ಟ್ರಿಯೊಟೈಡ್ ಮೊದಲು ಈ ಕಾಟವನ್ನು ತಗ್ಗಿಸಲು ಬಂತು. ಅದು ಗಡ್ಡೆಯ ಬೆಳವಣಿಗೆಯನ್ನೂ ನಿಧಾನಿಸುತ್ತದೆ ಎಂದು 2009ರ ಜರ್ಮನ್ ಪ್ರಯೋಗವೊಂದು ತೋರಿಸಿತು: ಗಡ್ಡೆ ಮುಂದುವರಿಯಲು ತೆಗೆದುಕೊಂಡ ಮಧ್ಯಾಂಕ ಅವಧಿ (ಅರ್ಧದಷ್ಟು ರೋಗಿಗಳು ದಾಟುವ ಗಡಿ), ಮದ್ದು ಪಡೆಯದವರಲ್ಲಿ 6 ತಿಂಗಳು, ಪಡೆದವರಲ್ಲಿ 14.3 ತಿಂಗಳು.

ಅದಕ್ಕಿಂತ ಸೊಗಸಾದದ್ದು ಮುಂದಿನ ಹೆಜ್ಜೆ. ಈ ಗಡ್ಡೆಗಳ ಮೇಲ್ಮೈಯಲ್ಲಿ ಸೊಮಾಟೊಸ್ಟಾಟಿನ್ ಗ್ರಾಹಕಗಳು ದಟ್ಟವಾಗಿರುತ್ತವೆ. ಹಾಗಾದರೆ ಹಾರ್ಮೋನಿನ ಪ್ರತಿರೂಪಕ್ಕೆ ವಿಕಿರಣಶೀಲ ಪರಮಾಣುವೊಂದನ್ನು ಕಟ್ಟಿ ಕಳಿಸಿದರೆ ಅದು ತಾನಾಗಿ ಗಡ್ಡೆಯ ವಿಳಾಸಕ್ಕೇ ಹೋಗಬೇಕಲ್ಲವೇ? ಹೋಗುತ್ತದೆ. ಗ್ಯಾಲಿಯಂ-68 ಕಟ್ಟಿದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಎಲ್ಲೆಲ್ಲಿದೆಯೆಂದು ಬೆಳಗಿ ಕಾಣುತ್ತದೆ. ಲ್ಯುಟೀಷಿಯಂ-177 ಕಟ್ಟಿದರೆ ಅದು ಕೋಶದೊಳಗೆ ಸೇರಿ, ಒಂದೆರಡು ಮಿಲಿಮೀಟರ್ ದೂರಕ್ಕಷ್ಟೇ ತಲುಪುವ ಬೀಟಾ ಕಣಗಳನ್ನು ಹೊರಸೂಸಿ ಗಡ್ಡೆಯನ್ನು ಸುಡುತ್ತದೆ. ಕಂಡದ್ದಕ್ಕೇ ಚಿಕಿತ್ಸೆ, ಚಿಕಿತ್ಸೆಯಾಗುವುದೆಲ್ಲ ಕಣ್ಣಿಗೆ ಕಾಣುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 20 ತಿಂಗಳ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಲ್ಯುಟೀಷಿಯಂ ಗುಂಪಿನಲ್ಲಿ ಶೇ. 65.2, ಹೆಚ್ಚಿನ ಪ್ರಮಾಣದ ಆಕ್ಟ್ರಿಯೊಟೈಡ್ ಪಡೆದವರಲ್ಲಿ ಶೇ. 10.8. ಒಟ್ಟು ಆಯುಷ್ಯದ ಲೆಕ್ಕ ಆಮೇಲೆ ಬಂತು. ಬದುಕಿದ ಅವಧಿಯ ಮಧ್ಯಾಂಕ ಲ್ಯುಟೀಷಿಯಂ ಪಡೆದವರಲ್ಲಿ 48 ತಿಂಗಳು, ಇನ್ನೊಂದು ಗುಂಪಿನಲ್ಲಿ 36.3 ತಿಂಗಳು. ಆದರೆ ಸಂಖ್ಯಾಶಾಸ್ತ್ರದ ಅಳತೆಗೋಲಿನಲ್ಲಿ ಈ ಅಂತರ ಖಚಿತವೆನ್ನಿಸಿಕೊಳ್ಳಲಿಲ್ಲ. ಮೊದಲ ಅಂಕಿಯನ್ನು ಹೇಳಿ ಎರಡನೆಯದನ್ನು ಬಿಡುವುದು ರೋಗಿಗೆ ಮಾಡುವ ಅನ್ಯಾಯ.

ವಿಳಾಸ ಬರೆದು ಮದ್ದು ಕಳಿಸುವ ಉಪಾಯ ಎಲ್ಲೆಡೆ ಫಲಿಸುವುದಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೋಶಗಳಲ್ಲೂ ಜಿಎನ್‌ಆರ್‌ಎಚ್ ಗ್ರಾಹಕಗಳಿವೆ. ಆ ಹಾರ್ಮೋನಿನ ಪ್ರತಿರೂಪಕ್ಕೆ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧವನ್ನು ಬೆಸೆದು, ಜಾಪ್ಟರೆಲಿನ್ ಡಾಕ್ಸೊರುಬಿಸಿನ್ ಎಂಬ ಮದ್ದನ್ನು ಮಾಡಿದ್ದರು. ಪ್ರಾಣಿಗಳಲ್ಲೂ ಆರಂಭದ ಮಾನವ ಪ್ರಯೋಗಗಳಲ್ಲೂ ಭರವಸೆ ಮೂಡಿಸಿದ ಅದು, 2017ರಲ್ಲಿ ಮೂರನೆಯ ಹಂತದ ಪ್ರಯೋಗ ಮುಗಿದಾಗ ಬರೀ ಡಾಕ್ಸೊರುಬಿಸಿನ್‌ಗಿಂತ ಆಯುಷ್ಯ ಹೆಚ್ಚಿಸಲಿಲ್ಲವೆಂದು ತಿಳಿಯಿತು.

ಬೆಳವಣಿಗೆ ಹಾರ್ಮೋನನ್ನು ಹೊರಡಿಸುವ ಆ ವಸ್ತು ಕೊನೆಗೂ ಸಿಕ್ಕಿದ್ದು 1982ರಲ್ಲಿ, ಅದೂ ಹೈಪೋಥಲಮಸ್‌ನಲ್ಲಲ್ಲ: ಮೈಕೈ ಅತಿಯಾಗಿ ಬೆಳೆದಿದ್ದ ರೋಗಿಗಳ ಮೇದೋಜೀರಕ ಗ್ರಂಥಿಯ ಗಡ್ಡೆಗಳಲ್ಲಿ. ಮೆದುಳಿನ ಹಾರ್ಮೋನನ್ನು ಗಡ್ಡೆ ತಾನೇ ತಯಾರಿಸುತ್ತಿತ್ತು. ಅದರ ಹೆಸರು ಜಿಎಚ್‌ಆರ್‌ಎಚ್. ಶಾಲಿ ತಮ್ಮ ಬದುಕಿನ ಕೊನೆಯ ದಶಕಗಳನ್ನು, 2024ರಲ್ಲಿ ತೀರಿಕೊಳ್ಳುವವರೆಗೂ, ಇದರ ಪ್ರತಿರೋಧಕಗಳಿಗೆ ಮೀಸಲಿಟ್ಟರು. ಶ್ವಾಸಕೋಶ, ಸ್ತನ, ಪ್ರಾಸ್ಟೇಟ್ ಮೊದಲಾದ ಅನೇಕ ಕ್ಯಾನ್ಸರ್‌ಗಳು ಜಿಎಚ್‌ಆರ್‌ಎಚ್ ತಯಾರಿಸಿ, ಅದರ ಗ್ರಾಹಕವನ್ನೂ ತಾವೇ ಹೊತ್ತು, ತಮ್ಮನ್ನು ತಾವೇ ಬೆಳೆಸಿಕೊಳ್ಳುತ್ತವೆ ಎಂಬುದು ಅವರ ತಂಡ ಕಂಡುಕೊಂಡ ಸಂಗತಿ. ಮಾನವ ಗಡ್ಡೆಗಳನ್ನು ನಾಟಿದ ಇಲಿಗಳಲ್ಲಿ ಎಂಐಎ-602ರಂತಹ ಪ್ರತಿರೋಧಕಗಳು ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿದವು. ಉರಿಯೂತದ ಮೇಲೂ ಪರಿಣಾಮ ಕಂಡಿತು: ಪ್ರಾಸ್ಟೇಟ್ ಹಿಗ್ಗಿದ ಇಲಿಗಳಲ್ಲಿ ಗ್ರಂಥಿ ಕುಗ್ಗಿತು, ಉರಿಯೂತದ ಸಂಕೇತಗಳೂ ಇಳಿದವು.

ಇಲಿಗಳ ಫಲಿತಾಂಶ ಓದಿ ಹಿಗ್ಗುವ ಮುನ್ನ ಪಕ್ಕದ ಕಥೆಯೊಂದನ್ನು ನೋಡಬೇಕು. ಬೆಳವಣಿಗೆ ಹಾರ್ಮೋನು ಯಕೃತ್ತಿನಿಂದ ಐಜಿಎಫ್-1 ಎಂಬ ಇನ್ನೊಂದು ವಸ್ತುವನ್ನು ಹೊರಡಿಸುತ್ತದೆ. ಅದು ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತದೆಂಬುದಕ್ಕೆ ಪ್ರಯೋಗಾಲಯದಲ್ಲಿ ರಾಶಿ ಸಾಕ್ಷ್ಯವಿತ್ತು. ಅದರ ಗ್ರಾಹಕವನ್ನು ತಡೆಯುವ ಪ್ರತಿಕಾಯಗಳನ್ನು ಹಲವು ಕಂಪನಿಗಳು ತಯಾರಿಸಿ ರೋಗಿಗಳ ಮೇಲೆ ಪ್ರಯೋಗಿಸಿದವು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಫಿಗಿಟುಮುಮ್ಯಾಬ್ ಸೋತಿತು. ಉಳಿದವೂ ಕ್ಯಾನ್ಸರ್‌ನಲ್ಲಿ ನೆಲೆ ಕಾಣಲಿಲ್ಲ. ಆದರೆ ಅವುಗಳಲ್ಲೊಂದಾದ ಟೆಪ್ರೊಟುಮುಮ್ಯಾಬ್, ಥೈರಾಯ್ಡ್ ರೋಗದಲ್ಲಿ ಕಣ್ಣುಗುಡ್ಡೆಯ ಹಿಂದಿನ ಅಂಗಾಂಶ ಊದಿ ಕಣ್ಣು ಹೊರಚಾಚುವ ಉರಿಯೂತಕ್ಕೆ ಮದ್ದಾಗಿ 2020ರಲ್ಲಿ ಅನುಮತಿ ಪಡೆಯಿತು. ಕ್ಯಾನ್ಸರ್‌ಗೆಂದು ಹೊರಟದ್ದು ಉರಿಯೂತದಲ್ಲಿ ದಡ ಸೇರಿತು. ಜಿಎಚ್‌ಆರ್‌ಎಚ್ ಪ್ರತಿರೋಧಕಗಳ ಹಣೆಬರಹ ಇವೆರಡರಲ್ಲಿ ಯಾವುದೂ ಆಗಬಹುದು, ಎರಡೂ ಆಗದಿರಬಹುದು. ಸದ್ಯಕ್ಕೆ ಅವುಗಳಲ್ಲಿ ಒಂದೂ ಕ್ಯಾನ್ಸರ್‌ಗೆ ಅನುಮತಿ ಪಡೆದ ಔಷಧವಲ್ಲ.

ಉರಿಯೂತದ ವಿಷಯದಲ್ಲಿ ಹೆಚ್ಚು ಅಧ್ಯಯನವಾಗಿರುವ ಹಾರ್ಮೋನು ಸಿಆರ್‌ಎಚ್. ವೈಲಿ ವೇಲ್ ತಂಡ 1981ರಲ್ಲಿ ಇದರ ರಚನೆಯನ್ನು ಪ್ರಕಟಿಸಿತು. 41 ಅಮೈನೋ ಆಮ್ಲಗಳ ಸರಪಳಿ. ಇದು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಸುರಿಸುತ್ತದೆ. ಕಾರ್ಟಿಸಾಲ್ ಉರಿಯೂತವನ್ನು ಅಡಗಿಸುತ್ತದೆ. ಸಂಧಿವಾತಕ್ಕೆ 1948ರಲ್ಲಿ ಕಾರ್ಟಿಸೋನ್ ಮೊದಲು ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದದ್ದು ಇದೇ ಕಾರಣಕ್ಕೆ. 1980ರ ದಶಕದ ಉತ್ತರಾರ್ಧದಲ್ಲಿ ಈ ಸರಪಳಿಯ ಇನ್ನೊಂದು ತುದಿ ಕಂಡಿತು: ರೋಗನಿರೋಧಕ ಕೋಶಗಳು ಹೊರಬಿಡುವ ಇಂಟರ್‌ಲ್ಯುಕಿನ್-1 ಹೈಪೋಥಲಮಸ್‌ನಲ್ಲಿ ಸಿಆರ್‌ಎಚ್ ಹೊರಡುವಂತೆ ಮಾಡುತ್ತದೆ. ಅಂದರೆ ಉರಿಯೂತ ತನ್ನ ಲಗಾಮನ್ನು ತಾನೇ ಮೆದುಳಿಗೆ ಕೊಡುತ್ತದೆ.

ಆ ಲಗಾಮು ಸಡಿಲವಾದರೆ ಏನಾಗುತ್ತದೆ? ಎಸ್ತರ್ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಎರಡು ತಳಿಯ ಇಲಿಗಳಲ್ಲಿ ತೋರಿಸಿದರು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕುಗಳನ್ನು ಚುಚ್ಚಿದರೆ ಲೂಯಿಸ್ ತಳಿಯ ಇಲಿಗಳ ಕೀಲುಗಳು ಊದಿಕೊಳ್ಳುತ್ತವೆ, ಸಂಧಿವಾತ ಬೇರೂರುತ್ತದೆ. ಫಿಷರ್ ತಳಿಯ ಇಲಿಗಳಿಗೆ ಹೆಚ್ಚೇನೂ ಆಗುವುದಿಲ್ಲ. ಲೂಯಿಸ್ ಇಲಿಗಳ ಹೈಪೋಥಲಮಸ್ ಉರಿಯೂತದ ಕರೆಗೆ ಸಾಕಷ್ಟು ಸಿಆರ್‌ಎಚ್ ಹೊರಡಿಸುತ್ತಿರಲಿಲ್ಲ. ನಂಬಿಕೆ ಹುಟ್ಟಿಸಿದ್ದು ಮುಂದಿನ ಪರೀಕ್ಷೆ. ಸ್ಟಿರಾಯ್ಡ್ ಕೆಲಸ ಮಾಡದಂತೆ ತಡೆಯುವ ಮಿಫೆಪ್ರಿಸ್ಟೋನ್ ಕೊಟ್ಟಾಗ ಗಟ್ಟಿಮುಟ್ಟಾದ ಫಿಷರ್ ಇಲಿಗಳೂ ತೀವ್ರ ಉರಿಯೂತಕ್ಕೆ ತುತ್ತಾದವು. ಲೂಯಿಸ್ ಇಲಿಗಳಿಗೆ ಹೊರಗಿನಿಂದ ಸ್ಟಿರಾಯ್ಡ್ ಕೊಟ್ಟಾಗ ಊತ ತಗ್ಗಿತು. ಮನುಷ್ಯರ ಸಂಧಿವಾತ ಇಷ್ಟು ಸರಳವಲ್ಲ. ಅಲ್ಲಿ ವಂಶವಾಹಿ, ಧೂಮಪಾನ, ಪ್ರತಿಕಾಯಗಳು ಎಲ್ಲವೂ ಸೇರಿಕೊಂಡಿವೆ. ಆದರೂ ಮೆದುಳಿನ ಒಂದು ಹಾರ್ಮೋನಿನ ಕೊರತೆ ಕೀಲಿನಲ್ಲಿ ರೋಗವಾಗಿ ಕಾಣಿಸಿಕೊಳ್ಳಬಹುದೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಬಾರದೆಂದು ವೈದ್ಯರು ಒತ್ತಿ ಹೇಳುವುದರ ಹಿಂದೆಯೂ ಇದೇ ಸರಪಳಿಯಿದೆ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಹೈಪೋಥಲಮಸ್ ಸಿಆರ್‌ಎಚ್ ತಯಾರಿಯನ್ನು ಕೈಬಿಡುತ್ತದೆ. ಅಡ್ರಿನಲ್ ಸೊರಗುತ್ತದೆ. ಮಾತ್ರೆ ಥಟ್ಟನೆ ನಿಂತ ದಿನ ದೇಹದ ಬಳಿ ತನ್ನದೆನ್ನುವ ಕಾರ್ಟಿಸಾಲ್ ಇರುವುದಿಲ್ಲ. ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಮೈ ಹಗುರಾಯಿತೆಂದು ತಾವೇ ಮಾತ್ರೆ ಬಿಡುವವರು ಇದನ್ನು ತಿಳಿಯಲೇಬೇಕು.

ಜಾಗ ಬದಲಾದರೆ ಸಿಆರ್‌ಎಚ್‌ನ ಗುಣವೂ ಬದಲಾಗುತ್ತದೆ. 1991ರಲ್ಲಿ ಕತೆರಿನಾ ಕರಾಲಿಸ್, ಜಾರ್ಜ್ ಕ್ರೂಸೋಸ್ ಮತ್ತಿತರರು ಇಲಿಗಳ ಉರಿಯೂತದ ಜಾಗದಲ್ಲೇ ಸಿಆರ್‌ಎಚ್ ತಯಾರಾಗುವುದನ್ನು ಕಂಡರು. ಅದನ್ನು ಪ್ರತಿಕಾಯದಿಂದ ಹಿಡಿದುಹಾಕಿದಾಗ ಉರಿಯೂತ ಹೆಚ್ಚುವ ಬದಲು ಕಡಿಮೆಯಾಯಿತು. ಸಂಧಿವಾತ ರೋಗಿಗಳ ಕೀಲಿನ ದ್ರವದಲ್ಲೂ ಆಮೇಲೆ ಅದು ಸಿಕ್ಕಿತು. ಮೆದುಳಿನಿಂದ ಹೊರಟರೆ ಕಾರ್ಟಿಸಾಲ್ ಮೂಲಕ ಉರಿಯನ್ನು ಆರಿಸುವ ಹಾರ್ಮೋನು, ಕೀಲಿನಲ್ಲೋ ಚರ್ಮದಲ್ಲೋ ಹುಟ್ಟಿದರೆ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಕೆರಳಿಸಿ ಉರಿಗೆ ಗಾಳಿ ಹಾಕುತ್ತದೆ. ಔಷಧ ತಯಾರಕರ ಪಾಲಿಗೆ ಇದು ದೊಡ್ಡ ಕಗ್ಗಂಟು. ಕೀಲಿನಲ್ಲಿ ಸಿಆರ್‌ಎಚ್ ತಡೆಯಲು ಹೊರಟ ಮದ್ದು ಪಿಟ್ಯುಟರಿಯಲ್ಲೂ ತಡೆದರೆ, ದೇಹದ ಸ್ವಂತ ಲಗಾಮೇ ಕಳಚುತ್ತದೆ.

ಸಿಆರ್‌ಎಚ್‌ನ ಒಂದನೆಯ ಗ್ರಾಹಕವನ್ನು ತಡೆಯುವ ಕ್ರಿನೆಸರ್‌ಫಾಂಟ್‌ಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿ ದೊರೆಯಿತು, ಆದರೆ ಉರಿಯೂತಕ್ಕಲ್ಲ. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ತಯಾರಿಸಲಾಗದ ರೋಗವೊಂದರಲ್ಲಿ, ಮೇಲಿನಿಂದ ಬರುವ ಸಿಆರ್‌ಎಚ್ ಒತ್ತಡದಿಂದಾಗಿ ಪುರುಷ ಹಾರ್ಮೋನುಗಳು ವಿಪರೀತ ಏರುತ್ತವೆ. ಅದನ್ನು ಅದುಮಲು ಮಕ್ಕಳಿಗೂ ದೊಡ್ಡವರಿಗೂ ಬೇಕಿದ್ದಕ್ಕಿಂತ ಹೆಚ್ಚು ಸ್ಟಿರಾಯ್ಡ್ ಕೊಡಬೇಕಾಗುತ್ತಿತ್ತು. ಈ ರೋಗಿಗಳು ಕಾರ್ಟಿಸಾಲನ್ನು ಹೇಗೂ ಹೊರಗಿನಿಂದಲೇ ಪಡೆಯುವುದರಿಂದ ಪಿಟ್ಯುಟರಿಯಲ್ಲಿ ಸಿಆರ್‌ಎಚ್ ತಡೆದರೆ ಕಳೆದುಕೊಳ್ಳುವುದೇನಿಲ್ಲ. ಈ ಮದ್ದಿನಿಂದ ಅವರ ಸ್ಟಿರಾಯ್ಡ್ ಪ್ರಮಾಣ ತಗ್ಗಿಸಲು ಸಾಧ್ಯವಾಗಿದೆ. ಸಂಧಿವಾತಕ್ಕೋ ಕರುಳಿನ ಉರಿಯೂತಕ್ಕೋ ಇಂಥ ಮದ್ದು ಬರಬೇಕಾದರೆ, ಪಿಟ್ಯುಟರಿಯನ್ನು ಮುಟ್ಟದೆ ಊತದ ಜಾಗದಲ್ಲಷ್ಟೇ ಸಿಆರ್‌ಎಚ್ ತಡೆಯುವ ದಾರಿ ಮೊದಲು ಸಿಗಬೇಕು.